ಓಡ್ರಿಕ್‌ನ ಬಲಾಬಲ

ವರ್ಲಿನ್ ಹೌಗನ್‌ಗೂ ನನಗೂ ಮೂವತ್ತೊಂದು ವರ್ಷದ ಸ್ನೇಹ. ನಮ್ಮ ಡುಲೂತ್ ಊರಿನ ಲೂಥರನ್ ಚರ್ಚಿನ ನೆಲಮಾಳಿಗೆಯಲ್ಲಿ ಪ್ರತಿ ಶನಿವಾರ ಮಧ್ಯಾಹ್ನ ನಾವು ನಾಲ್ಕಾರು ಜನ ಮೇಜಿನ ಸುತ್ತ ಕೂತು ಆಡುತ್ತೇವೆ. ಕಥೆ ಹೇಳಿ ಆಟ ನಡೆಸುವವಳು ನಾನು. ದೈತ್ಯರು, ಹಾವುಗಳು, ದಾರಿಗಳ್ಳರು ಎಲ್ಲ ನನ್ನ ಕಡೆ; ಅವರ ದಾಳವನ್ನು ಬೇರೆಯವರಿಗೆ ಕಾಣದಂತೆ ರಟ್ಟಿನ ಪರದೆಯ ಹಿಂದೆ ಉರುಳಿಸುತ್ತೇನೆ. ಉಳಿದವರು ಒಬ್ಬ ವೀರನನ್ನೋ ಮಂತ್ರಗಾತಿಯನ್ನೋ ಕಾಗದದ ಮೇಲೆ ಬರೆದುಕೊಂಡು, ದಾಳ ಉರುಳಿಸಿ ಅವರ ಬಾಳು ಸಾಗಿಸುತ್ತಾರೆ. ಒಬ್ಬೊಬ್ಬರಿಗೂ ಪ್ರಾಣ ಇಷ್ಟು ಅಂತ ಒಂದು ಅಂಕಿ; ಏಟು ಬಿದ್ದಂತೆ ಇಳಿಯುತ್ತದೆ.

ವರ್ಲಿನ್‌ನ ವೀರನ ಹೆಸರು ಓಡ್ರಿಕ್. ಮೊದಲ ವಾರ ಬರೆದುಕೊಂಡವನೇ ಇವತ್ತಿಗೂ. ಆಗಿನ ಪುಸ್ತಕದ ನಿಯಮಗಳು ಕ್ರೂರವಾಗಿದ್ದವು. ಜೊತೆಗೆ ಹೊರಟವರೆಲ್ಲ ಸತ್ತರು, ಇವನೊಬ್ಬ ಒಂಬತ್ತನೇ ಮಟ್ಟಕ್ಕೆ ಏರಿದ. ಟಪಾಲು ಹಂಚಿ ಹಂಚಿ ಮಂಡಿ ಸವೆಸಿಕೊಂಡ ವರ್ಲಿನ್‌ಗೆ ಅದೊಂದು ದೊಡ್ಡ ಹೆಮ್ಮೆ.

ಕಳೆದ ಚಳಿಗಾಲದಲ್ಲಿ ಅವನ ಮಗಳು ಬ್ರಿಟಾ ನಮ್ಮ ಜೊತೆ ಸೇರಿದಳು. ಅವಳ ಕೈಯಲ್ಲಿ ಆಟದ ಹೊಸ ಆವೃತ್ತಿಯ ಪುಸ್ತಕ. ಜಗಳ ಅಲ್ಲಿಂದ ಶುರು.

"ಅಪ್ಪ, ನಿನ್ನ ಓಡ್ರಿಕ್‌ಗೆ ಪ್ರಾಣ ಐವತ್ತೆಂಟು. ಅದೇ ಮಟ್ಟದಲ್ಲಿ ನನ್ನವಳಿಗೆ ಎಂಬತ್ತೈದು. ಅವನನ್ನ ಉಪ್ಪಿನಕಾಯಿ ಥರ ನೆಂಚ್ಕೋತಾಳೆ."

"ನಿಮ್ಮವರು ಹತ್ತೀಲಿ ಸುತ್ತಿಟ್ಟ ಮೊಟ್ಟೆಗಳು ಕಣೆ. ಒಂದು ನಿದ್ದೆ ಹೊಡೆದ್ರೆ ಎಲ್ಲಾ ಗಾಯ ಮಾಯ. ನನ್ನವನು ಏಟು ತಿಂದ್ರೆ ತಿಂಗಳುಗಟ್ಟಲೆ ಮಲಗ್ತಿದ್ದ."

ಮೊದಮೊದಲು ನಾವೆಲ್ಲ ನಕ್ಕೆವು. ಎರಡು ತಿಂಗಳಾದರೂ ಅದೇ ರಾಗ. ನಾನು ವೃದ್ಧಾಶ್ರಮದಲ್ಲಿ ದಾದಿ. ವಾರವಿಡೀ ಮುದುಕರನ್ನು ಎತ್ತಿ ಕೂರಿಸಿ ಶನಿವಾರದ ಹೊತ್ತಿಗೆ ಸೊಂಟ ಬಿದ್ದುಹೋಗಿರುತ್ತದೆ. ಇದಕ್ಕೊಂದು ಮಂಗಳ ಹಾಡೋಣ ಅಂತ ಎರಡೂ ಪುಸ್ತಕ ಎದುರಿಗಿಟ್ಟುಕೊಂಡು ಕೂಡಿ ಕಳೆದೆ.

ಮುಂದಿನ ಶನಿವಾರ ಓದಿ ಹೇಳಿದೆ. "ವೀರರ ಪ್ರಾಣ ಹೆಚ್ಚಿದೆ, ನಿಜ. ದೈತ್ಯರದ್ದೂ ಹೆಚ್ಚಿದೆ. ಹಳೇ ಗುಡ್ಡದ ದೈತ್ಯನಿಗೆ ಮೂವತ್ತೇಳು, ಹೊಸಬನಿಗೆ ನೂರೈದು. ಓಡ್ರಿಕ್ ತನ್ನ ಕಾಲದ ದೈತ್ಯನನ್ನ ನಾಲ್ಕು ಸುತ್ತಲ್ಲಿ ಕೆಡವ್ತಾನೆ. ಬ್ರಿಟಾ, ನಿನ್ನವಳಿಗೆ ಐದು ಬೇಕು. ಹೊಡೆಯೋದ್ರಲ್ಲಿ ಹೆಚ್ಚು ಕಮ್ಮಿ ಇಲ್ಲ. ವ್ಯತ್ಯಾಸ ಇರೋದು ಬಿದ್ದಮೇಲೆ. ಹಳೇ ನಿಯಮದಲ್ಲಿ ಬಿದ್ದವನು ಸತ್ತ. ಹೊಸದ್ರಲ್ಲಿ ಸಾಯೋಕೆ ಮೂರು ಸಲ ದಾಳ ಕೈಕೊಡಬೇಕು."

ವರ್ಲಿನ್ ಮೇಜು ಕುಟ್ಟಿದ. "ಅದನ್ನೇ ನಾನು ಹೇಳ್ತಿರೋದು. ಯಾರ ದಯೆಯೂ ಇಲ್ಲದೆ ಬದುಕಿದವನು ನನ್ನ ಓಡ್ರಿಕ್."

ಸುಮ್ಮನಿರಬಹುದಿತ್ತು. ಬಾಯಿ ತಪ್ಪಿತು ಅನ್ನಲಾರೆ, ಸಾಕಾಗಿಹೋಗಿತ್ತು.

"ಅವನು ನಾಲ್ಕನೇ ವರ್ಷವೇ ಸತ್ತ, ವರ್ಲಿನ್. ಜೌಗಿನ ಹಾವು ಕಚ್ಚೋಕೆ ಬಂದಾಗ ಅವನಿಗೆ ಉಳಿದಿದ್ದ ಪ್ರಾಣ ಮೂರು. ಪರದೆ ಹಿಂದೆ ದಾಳ ಉರುಳಿಸಿದವಳು ನಾನು. ಏಟು ಬಿದ್ದಿತ್ತು. ನಾನು ತಪ್ಪಿತು ಅಂದೆ."

ಬ್ರಿಟಾ ನಗಲು ಹೋಗಿ, ಅಪ್ಪನ ಮುಖ ನೋಡಿ ನಿಲ್ಲಿಸಿದಳು. ಅವನು ಕಾಗದ ಮಡಚಿ ಜೇಬಿಗಿಟ್ಟುಕೊಂಡು, ಕೋಟು ಹಾಕಿಕೊಂಡು ಮೆಟ್ಟಿಲು ಹತ್ತಿದ.

ಮೂರು ಶನಿವಾರ ಬರಲಿಲ್ಲ. ನಾಲ್ಕನೆಯ ವಾರದ ನಡುವೆ ನಾನೇ ಅವನ ಮನೆಗೆ ಹೋದೆ. ಅಡುಗೆಮನೆಯಲ್ಲಿ ಬಿಸಿನೀರಿನ ಬೋಗುಣಿಗೆ ಕಾಲು ಇಳಿಬಿಟ್ಟು ಕೂತಿದ್ದ. ಕಾಫಿ ನಾನೇ ಬಗ್ಗಿಸಿಕೊಂಡೆ.

"ನಂಗೆ ಗೊತ್ತಿತ್ತು," ಅಂದ. "ಸುಳ್ಳು ಹೇಳೋವಾಗ ನೀನು ಮೂಗು ಉಜ್ಕೋತೀಯ, ಆರ್ಲಿಸ್. ಅವತ್ತೂ ಉಜ್ಕೊಂಡೆ."

"ಮತ್ತೆ ಕೋಪ ಯಾತಕ್ಕೆ?"

"ಮಗಳ ಮುಂದೆ ಹೇಳಿದ್ದಕ್ಕೆ. ಇಪ್ಪತ್ತೇಳು ವರ್ಷ ಹೊಟ್ಟೇಲಿಟ್ಕೊಂಡವಳು ಇನ್ನೊಂದು ಶನಿವಾರ ಇಟ್ಕೋಬಾರದಿತ್ತಾ?"

"ಸುಸ್ತಾಗಿತ್ತು ಕಣೋ."

"ನಂಗೂ ಅಷ್ಟೇ." ಕಾಲು ಎತ್ತಿ ಒರೆಸಿಕೊಂಡ. "ಆ ಹಾವಿನ ಆಟದ ಹಿಂದಿನ ಗುರುವಾರ ನಮ್ಮಣ್ಣ ಐನಾರ್‌ನ ಮಣ್ಣು ಮಾಡಿ ಬಂದಿದ್ದೆ. ಅದಕ್ಕೇ ತಾನೇ ನೀನು ಹಂಗೆ ಮಾಡಿದ್ದು? ಅವತ್ತು ಓಡ್ರಿಕ್‌ನೂ ಸತ್ತಿದ್ರೆ ಮತ್ತೆ ಆ ಮೆಟ್ಟಿಲು ಇಳೀತಿರಲಿಲ್ಲ ನಾನು."

ಕಾಫಿ ಮುಗಿಸಿ, ಲೋಟ ತೊಳೆದಿಟ್ಟು ಬಂದೆ.

ಆ ಶನಿವಾರ ಅವನು ಎಲ್ಲರಿಗಿಂತ ಮೊದಲೇ ಬಂದು ಕೂತಿದ್ದ. ಬ್ರಿಟಾ ಆಲೂಗಡ್ಡೆ, ಮಾಂಸ ಹಾಕಿ ಓವನ್ನಿನಲ್ಲಿ ಬೇಯಿಸಿದ ಹಾಟ್‌ಡಿಶ್ ತಂದು ಮೇಜಿನ ಮೇಲಿಟ್ಟಳು. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಲಿಲ್ಲ. ಕೊನೆಗೆ ಅವನೇ, ಹಾವಿನ ವಿಷಯ, ಅಣ್ಣನ ಮಣ್ಣಿನ ವಿಷಯ, ನಾಲ್ಕೇ ಮಾತಲ್ಲಿ ಹೇಳಿ ಮುಗಿಸಿದ. ದೊಡ್ಡಪ್ಪ ಸತ್ತದ್ದು ಬ್ರಿಟಾ ಹುಟ್ಟುವ ಮುಂಚೆ. ಮನೆಯಲ್ಲಿ ಯಾರೂ ಆ ಹೆಸರು ಎತ್ತುತ್ತಿರಲಿಲ್ಲವಂತೆ.

"ಸರಿ, ನಿನ್ನ ಓಡ್ರಿಕ್‌ನೇ ಗಟ್ಟಿ," ಅಂದಳು ಮೆಲ್ಲಗೆ.

"ಸಮಾಧಾನ ಮಾಡ್ಬೇಡ ನನ್ನ. ಆರ್ಲಿಸ್ ಲೆಕ್ಕ ಸರಿಯಾಗಿದೆ. ಅವನಿಗೆ ದಯೆ ಸಿಕ್ಕಿತ್ತು, ಅಷ್ಟೇ."

ಬ್ರಿಟಾ ಪುಸ್ತಕ ಮುಚ್ಚಿ ಪಕ್ಕಕ್ಕೆ ಸರಿಸಿದಳು. "ದೊಡ್ಡಪ್ಪ ಹೆಂಗಿದ್ರು, ಅಪ್ಪ?"

ವರ್ಲಿನ್ ಮೇಜಿನ ಮೇಲಿದ್ದ ದಾಳಗಳನ್ನು ಒಂದೊಂದಾಗಿ ಒಟ್ಟುಮಾಡಿದ. "ನನಗಿಂತ ಎತ್ತರ," ಅಂದ ಆಮೇಲೆ. "ಸಿಡುಕ. ಕಬ್ಬಿಣದ ಅದಿರು ಸಾಗಿಸೋ ಹಡಗಲ್ಲಿ ಕೆಲಸ. ನಾನು ಇಲ್ಲಿಗೆ ಬರೋದು ನೋಡಿ, 'ಹೋಗಪ್ಪ, ಮಕ್ಕಳಾಟ ಆಡ್ಕೊಂಡು ಬಾ' ಅಂತಿದ್ದ. ಚಳೀಲಿ ನಡೀಬೇಡ ಅಂತ ಕಾರಲ್ಲಿ ತಂದು ಬಿಡ್ತಿದ್ದವನೂ ಅವನೇ."

ಅವತ್ತು ನಾವು ಆಟ ಶುರು ಮಾಡಲೇ ಇಲ್ಲ. ಹಾಟ್‌ಡಿಶ್ ತಣ್ಣಗಾದ ಮೇಲೆ ಬಡಿಸಿಕೊಂಡು ತಿಂದೆವು.