ಮೊದಲ ಬುಟ್ಟಿ

ಸುಖವತಿಯ ಕಾಲ್ಬೆರಳ ಸಂದಿಗಳು ಕೊಳೆತು ಎಷ್ಟೋ ವರ್ಷವಾಗಿತ್ತು. ಎದೆಮಟ್ಟದ ನೀರಲ್ಲಿ ನಿಂತು, ನೀರಲ್ಲೇ ಕಾಯಿ ಬಿಡುವ ಸಿಂಗಾಡ ಬಳ್ಳಿಯ ಬೇರನ್ನು ಕಾಲ ಹೆಬ್ಬೆರಳಿನಿಂದ ಕೆಸರಿಗೆ ಒತ್ತಿ ನೆಡುವವರ ಕಾಲೇ ಹಾಗೆ. ಚೌಗಢದ ಕೋಟೆ ಕಟ್ಟಿಸಿದವನ ಹೆಸರು ಕಲ್ಲಿನ ಮೇಲಿದೆ. ಕೆರೆ ತೋಡಿದ ಅವಳ ಕುಲದ ಧೀಮರರ ಹೆಸರು ಎಲ್ಲೂ ಇಲ್ಲ. ಅವರ ಬಳ್ಳಿಯಿದೆ, ಅಷ್ಟೆ.

ಪ್ರತಿ ವರ್ಷ ಕೊಯ್ಲಿನ ಮೊದಲ ಬುಟ್ಟಿ ರಾಜರ ಮನೆಯಾದ ಗಢಿಗೆ ಹೋಗುತ್ತಿತ್ತು. ರಾಜ್ಯ ಹೋಯಿತು, ಗಢಿಯ ಬಾಗಿಲಿಗೆ ಗೆದ್ದಲು ಹಿಡಿಯಿತು. ಬುಟ್ಟಿ ಮಾತ್ರ ತಪ್ಪಲಿಲ್ಲ.

ಈ ಸಲ ಕೊಯ್ಲಿಗೆ ಹದಿನೈದು ದಿನವಿರುವಾಗ ಗಢಿಯ ವಾರಸುದಾರ ಕುಂವರ್ ಸಾಹೇಬರು ಭೋಪಾಲದಿಂದ ಬಂದು, ಕೆರೆ ತಮ್ಮದೆಂದರು. ದಂಡೆಯಲ್ಲಿ ಹೋಟೆಲು ಏಳುತ್ತದಂತೆ, ನೀರಲ್ಲಿ ದೋಣಿ ಬಿಡುತ್ತಾರಂತೆ. ತಹಸೀಲ್ದಾರರು ಕೆರೆ ಏರಿಯ ಮೇಲೆ ಕುರ್ಚಿ ಹಾಕಿಸಿಕೊಂಡು ವಿಚಾರಣೆಗೆ ಕೂತರು.

"ಮೊದಲ ಬುಟ್ಟಿ ಗಢಿಗೆ ಕೊಡ್ತೀರೇನಮ್ಮ?"

"ಕೊಡದೆ ಇರ್ತೀವಾ ಸಾಹೇಬ್ರೆ?" ಸುಖವತಿ ಸೆರಗು ಸರಿಮಾಡಿಕೊಂಡಳು. "ನಮ್ಮತ್ತೆ ಹೆತ್ತ ಒಂಬತ್ತನೇ ದಿನಕ್ಕೇ ಬುಟ್ಟಿ ಹೊತ್ಕೊಂಡು ಹೋಗಿದ್ಲು. ಒಂದು ವರ್ಷಾನೂ ತಪ್ಪಿಸಿಲ್ಲ ನಾವು."

"ಅತ್ತಿಗೆ, ಸಾಕು ಸುಮ್ನಿರು," ಎಂದು ಮೈದುನ ಮುಲ್ಲೂ ಪಿಸುಗುಟ್ಟಿದ. ಸುಖವತಿಗೆ ಅದು ಮನೆತನದ ಮರ್ಯಾದೆಯ ಮಾತು, ಅರ್ಧಕ್ಕೆ ಬಿಡುವುದು ಹೇಗೆ?

ಗುಮಾಸ್ತ ಎಲ್ಲ ಬರೆದುಕೊಂಡು ಹೆಬ್ಬೆಟ್ಟು ಒತ್ತಿಸಿಕೊಂಡ.

"ಒಳ್ಳೆ ಹೆಂಗಸು, ಸುಳ್ಳು ಹೇಳಲ್ಲ," ಎಂದರು ತಹಸೀಲ್ದಾರರು. "ಬುಟ್ಟಿ ಕೊಟ್ಟಿದ್ದು ಗೇಣಿ ಅಂತಾಯ್ತು. ಕೆರೆ ಗಢೀದು. ನಾಳೆ ಬಳ್ಳಿ ಕೀಳಿಸಿ."

ಸುಖವತಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು.

"ಗೇಣಿ ಅಲ್ಲ ಸಾಹೇಬ್ರೆ, ಪ್ರೀತಿಗೆ ಕೊಟ್ಟಿದ್ದು. ಎರಡನೇ ಬುಟ್ಟಿ ದೇವಿಗೆ ಕೊಡ್ತೀವಿ. ಆಯಮ್ಮ ಇವತ್ತಿನವರೆಗೂ ಕೆರೆ ಕೇಳ್ಕೊಂಡು ಬಂದಿಲ್ಲ."

ಗುಮಾಸ್ತ ನಕ್ಕ. ಅದನ್ನು ಮಾತ್ರ ಬರೆದುಕೊಳ್ಳಲಿಲ್ಲ.

ಮರುದಿನ ಬಳ್ಳಿ ಕೀಳಲು ಹೊರಗಿನ ಕೂಲಿಗಳು ಕೆರೆಗೆ ಇಳಿದರು. ಕೆಸರಲ್ಲಿ ಸೊಂಟದವರೆಗೆ ಹೂತು, ಕೂಗಾಡುತ್ತ ಮೇಲೆ ಬಂದರು. ಅವರ ಮೇಸ್ತ್ರಿ ಮುಲ್ಲೂನ ಹೆಗಲ ಮೇಲೆ ಕೈಯಿಟ್ಟ.

"ಈ ಕೆಸರಿನ ಮರ್ಮ ನಿಮಗೇ ಗೊತ್ತಲ್ಲಪ್ಪ. ಎರಡರಷ್ಟು ಕೂಲಿ ಕೊಡ್ತೀನಿ, ನೀವೇ ಕಿತ್ಕೊಡಿ."

ಮನೆಯಲ್ಲಿ ಹಿಟ್ಟು ಮುಗಿದು ಎರಡು ದಿನವಾಗಿತ್ತು. ಮುಲ್ಲೂ ಅತ್ತಿಗೆಯ ಮುಖ ನೋಡಿದ.

"ನಡಿ," ಎಂದಳು ಸುಖವತಿ.

ಅವಳ ಹಿಂದೆ ಅವನು, ಅವನ ಹಿಂದೆ ಇಡೀ ಕೇರಿ ನೀರಿಗಿಳಿಯಿತು. ಮೇಸ್ತ್ರಿ ನಿರಾಳವಾಗಿ ಬೀಡಿ ಹಚ್ಚಿದ. ಬಳ್ಳಿಗಳ ನಡುವೆ ಹೋಗಿ ಎಲ್ಲರೂ ಸುಮ್ಮನೆ ನಿಂತರು.

"ನಿಂತ್ರೇನು? ಕೀಳ್ರೋ."

"ಮೊದಲು ನಮ್ಮನ್ನ ಕೀಳು, ಬಾ," ಎಂದಳು ಸುಖವತಿ.

ಬಿಸಿಲು ನೆತ್ತಿಗೇರಿತು. ಏರಿಯ ಮೇಲೆ ಪೊಲೀಸರ ಜೀಪು ಬಂದು ನಿಂತಿತು. ನೀರಿನಿಂದ ಒಬ್ಬರೂ ಮೇಲೆ ಬರಲಿಲ್ಲ.