ಮರುಳಸಿದ್ದಮ್ಮನ ಎಡ ಹೊಳ್ಳೆ

ದುರ್ಗದ ಪೇಟೆಯ ಆ ಚಿಕ್ಕ ಆಸ್ಪತ್ರೆಯಲ್ಲಿ ಎಲ್ಲರೂ ಮಾತಾಡುತ್ತಿದ್ದರು, ಮರುಳಸಿದ್ದಮ್ಮನೊಬ್ಬಳನ್ನು ಬಿಟ್ಟು. ಗಂಟಲೊಳಗೆ ಗಡ್ಡೆ ಬೆಳೆದು ಅವಳ ಮಾತು ನಿಂತು ತಿಂಗಳುಗಳಾಗಿದ್ದವು. ಈಗ ಉಸಿರೂ ಸಿಳ್ಳೆ ಹೊಡೆಯುತ್ತಿತ್ತು. ಮಲಗಿದರೆ ಕಟ್ಟಿಯೇ ಹೋಗುತ್ತದೆಂದು ತನ್ನೂರು ತಾಳ್ಯದಿಂದ ಗಾಡಿಯಲ್ಲಿ ಕೂತೇ ಬಂದಿದ್ದಳು.

ಡಾಕ್ಟರು ಬಿಡಿಸಿ ಹೇಳಿದ್ದರು. ಗಡ್ಡೆಯನ್ನು ಕೊಯ್ಯುವುದು ಬಾಯಿಯೊಳಗಿಂದ. ಕತ್ತರಿ ಆಡುವ ಬಾಯಲ್ಲೇ ಉಸಿರೂ ಆಡಲಿ ಎಂದರೆ ಆಗುವ ಮಾತಲ್ಲ. ಅದಕ್ಕೇ ಮೂಗಿನಲ್ಲಿ ರಬ್ಬರ್ ಕೊಳವೆ ಇಳಿಸಿ, ಮದರಾಸಿನಿಂದ ರೈಲಿನಲ್ಲಿ ತರಿಸಿದ್ದ ಕಬ್ಬಿಣದ ಸಿಲಿಂಡರಿನಿಂದ ಪ್ರಾಣವಾಯು ಬಿಡುತ್ತಾರೆ. ಮೈಸೂರು ಸೀಮೆಯಲ್ಲೇ ಅಪರೂಪದ ವಸ್ತು ಅದು. ಆದರೆ ಅವಳ ಬಲ ಹೊಳ್ಳೆಯಲ್ಲಿ ಮೂಳೆ ಬಾಗಿ ದಾರಿ ಮುಚ್ಚಿತ್ತು. ಎಡ ಹೊಳ್ಳೆಯೇ ಗತಿ. ಅಲ್ಲಿ ಮೂಗುತಿಯ ತಿರುಪು ಬಿಗಿದು, ತಿರುಗದೆ ಅಡ್ಡ ಕೂತಿತ್ತು; ಕತ್ತರಿಸಿಯೇ ತೆಗೆಯಬೇಕು.

“ತೆಗಿಯಂಗಿಲ್ರಿ,” ಅಂದರು ಅತ್ತೆ ಅನ್ನಪೂರ್ಣಮ್ಮ. “ನನ್ ಮಗ ಗಟ್ಟಿಮುಟ್ಟಾಗಿ ಕಣ್ಮುಂದೆ ನಿಂತವ್ನೆ. ಗಂಡ ಇದ್ದಾಗ ಮೂಗುತಿ ಬಿಚ್ಚಿದ್ರೆ ಅವನ ಆಯುಸ್ಸಿಗೇ ಬರ್ತೈತೆ.”

ಆ ಗಟ್ಟಿಮುಟ್ಟು ಮಗ ಮುರುಗಪ್ಪ ನೆಲ ನೋಡಿದ. ರಾಗಿ ಚೀಲವನ್ನು ಒಬ್ಬನೇ ಎತ್ತಿ ಗಾಡಿಗೆ ಹಾಕುವ ಆಳು. ಅವನ ಜೀವ ಕಡಲೆಗಾತ್ರದ ಬಂಗಾರಕ್ಕೆ ನೇತುಬಿದ್ದಿತ್ತಂತೆ! ಕಟ್ಟಿಕೊಂಡವಳ ಜೀವ ಯಾವುದಕ್ಕೆ ನೇತುಬಿದ್ದಿದೆ ಎಂದು ಕೇಳುವವರೇ ಇರಲಿಲ್ಲ.

“ಮಠಕ್ಕೋಗಿ ಅಯ್ಯನೋರನ್ನ ಕೇಳ್ಕಂಬರ್ತೀನ್ರಿ,” ಅಂದ.

“ನೀವು ಕೇಳಿಕೊಂಡು ಬರೋವರೆಗೆ ಆಕೆ ಇರಬೇಕಲ್ಲಪ್ಪ,” ಅಂದರು ಡಾಕ್ಟರು. “ಆದರೆ ಯಜಮಾನರು ನೀವು, ನೀವು ಒಪ್ಪದೆ ನಾನು ಮುಟ್ಟಲಾರೆ.” ಅಷ್ಟು ಓದಿದ ಮನುಷ್ಯ, ಅವರೂ ಅವಳನ್ನು ಒಂದು ಮಾತು ಕೇಳಲಿಲ್ಲ. ಬಾಯಿ ಬಾರದಿದ್ದರೇನು, ತಲೆಯಾಡಿಸಲು ಅವಳಿಗೆ ಬರುತ್ತಿತ್ತು.

ಅನ್ನಪೂರ್ಣಮ್ಮ ಸೆರಗಿನಲ್ಲಿ ಕಣ್ಣೊರೆಸಿಕೊಂಡರು. ನಿಜವಾಗಿಯೂ ಅಳುತ್ತಿದ್ದರು. “ಹೋದ್ರೂ ಮುತ್ತೈದೆಯಾಗಿ ಹೋಗ್ತಾಳೆ ಬಿಡ್ರಿ. ಪುಣ್ಯವಂತೆ.”

ಮರುಳಸಿದ್ದಮ್ಮನಿಗೆ ಮೈಯೆಲ್ಲ ಉರಿದುಹೋಯಿತು. ಹೆರಿಗೆಯಲ್ಲಿ ಸತ್ತ ತಂಗಿ ಪುಟ್ಟಕ್ಕನಿಗೂ ಹಸಿರು ಸೀರೆ ಉಡಿಸಿ, ಹೂ ಮುಡಿಸಿ ಊರ ಹೆಂಗಸರು ಇದೇ ಮಾತಾಡಿದ್ದರು. ಹತ್ತೊಂಬತ್ತು ವರ್ಷದ ಹುಡುಗಿಯ ಹೆಣದ ಮುಂದೆ ನಿಂತು, ಇಂಥ ಸಾವು ನಮಗೂ ಬರಲಿ ಎಂದು ಆಸೆಪಟ್ಟಿದ್ದರು. ಆಗ ಮಾತಿದ್ದೂ ತಾನು ಸುಮ್ಮನಿದ್ದಳು.

ಎದ್ದಳು. ತಟ್ಟೆಯಲ್ಲಿದ್ದ ಇಕ್ಕಳ ತೆಗೆದು ಗಂಡನ ಕೈಗಿಟ್ಟು ಮುಖ ಮೇಲೆತ್ತಿದಳು. ಮುರುಗಪ್ಪನ ಕೈ ಮೇಲೇಳಲಿಲ್ಲ. ಕಾಯಲು ಅವಳಲ್ಲಿ ಉಸಿರಿರಲಿಲ್ಲ. ಇಕ್ಕಳ ಕಿತ್ತುಕೊಂಡು ಡಾಕ್ಟರ ಕೈಗೆ ತುರುಕಿದಳು. ಅವರು ಈಗ ಒಪ್ಪಿಗೆಗೆಂದು ಯಾರ ಮುಖವನ್ನೂ ನೋಡಲಿಲ್ಲ. ಮೂಗುತಿ ತುಂಡಾಗಿ ನೆಲಕ್ಕೆ ಬಿತ್ತು. ಮುರುಗಪ್ಪ ಬೀಳಲಿಲ್ಲ, ಕೆಮ್ಮಲೂ ಇಲ್ಲ.

ಕೊಳವೆ ಇಳಿಯಿತು. ತಣ್ಣಗಿನ ಗಾಳಿ ಗಂಟಲ ಹಿಂದೆ ಸುಳಿಯಿತು. ಎಷ್ಟೋ ದಿನದ ಮೇಲೆ ಮರುಳಸಿದ್ದಮ್ಮ ಹೆದರದೆ ಕಣ್ಣು ಮುಚ್ಚಿದಳು.

ಗಾಯ ಮಾಯುತ್ತಿದ್ದಾಗ ಅತ್ತೆ ಅಕ್ಕಸಾಲಿಯಿಂದ ಮೂಗುತಿಗೆ ಬೆಸುಗೆ ಹಾಕಿಸಿಕೊಂಡು ಬಂದರು. “ಊರೋರು ನೋಡೋ ಮುಂಚೆ ಹಾಕ್ಕಂಬಿಡು ತಾಯಿ.”

ಮರುಳಸಿದ್ದಮ್ಮ ಬಾಗಿಲ ಕಡೆ ನೋಡಿದಳು. ಗಂಡ ಕೂತು ಮಂಡಕ್ಕಿ ಮುಕ್ಕುತ್ತಿದ್ದ. ಒಡಕು ದನಿಯಲ್ಲಿ ಅವಳ ಮೊದಲ ಮಾತು ಬಂತು.

“ನಿಮ್ ಮಗ ಚೆನ್ನಾಗೇ ಅವ್ರಲ್ಲ ಅತ್ತೆ. ಇನ್ನ ನಾನೂ ಉಸಿರಾಡ್ತೀನಿ.”