ಮೂರನೆಯ ಸಲದ ಒಪ್ಪಿಗೆ

ತಾಲೀಮು ನಡೆಯುತ್ತಿದ್ದ ಕೋಣೆಯ ಬಾಗಿಲಿಗೆ ಒರಗಿ ಅಕ್ಕ ಕಿವಿಗೊಟ್ಟಿದ್ದಳು. ನಾಟಕ ಕಂಪನಿಯಲ್ಲಿ ಅವಳು ಎಲ್ಲರಿಗೂ ಅಕ್ಕನೇ. ಒಳಗೆ, ತಾನು ಆಡಬೇಕಿದ್ದ ಮಾತನ್ನು ಕಿರಿಯ ನಟಿ ಆಡುತ್ತಿದ್ದಳು. ಐವತ್ತು ದಾಟಿದ ಮೇಲೆ ಪ್ರೀತಿಗೆ ಬಿದ್ದ ಹೆಂಗಸಿನ ಪಾತ್ರ ಅದು. ಆಡುವವಳಿಗೆ ಇನ್ನೂ ಮೂವತ್ತು ತುಂಬಿಲ್ಲ. ತಲೆಗೆ ಪೌಡರ್ ಬಳಿದುಕೊಂಡರೆ ವಯಸ್ಸು ಬಂದುಬಿಡುತ್ತದೆಯೇ?

ಹಳೆಯ ಮಾಲೀಕನಿದ್ದಾಗ ಇದಕ್ಕೊಂದು ಕ್ರಮವಿತ್ತು. ಅವನು ಬಂದು ಪಾತ್ರದ ಸುದ್ದಿ ಎತ್ತಿದರೆ ಇವಳು "ಅಯ್ಯೋ, ನನ್ನ ಕೈಲೆಲ್ಲಿ ಆಗುತ್ತೆ" ಎಂದು ಕತ್ತು ತಿರುಗಿಸುವಳು. ಕಾಫಿ ಕುಡಿದು ಅವನು ಮತ್ತೆ ಕೇಳುವನು, ಇವಳು ಮತ್ತೆ ಬೇಡ ಎನ್ನುವಳು. ಮೂರನೆಯ ಸಲ ಮಾತ್ರ ಅವನ ಒತ್ತಾಯಕ್ಕೆ ಕಟ್ಟುಬಿದ್ದವಳಂತೆ ಒಪ್ಪುವಳು. ರಂಗದ ಮೇಲೆ ಜನ ಶಿಳ್ಳೆ ಹಾಕುತ್ತಿದ್ದದ್ದೂ ಇದೇ ಬಿಂಕಕ್ಕೆ, ಇದೇ ಅರ್ಧ ತಿರುಗಿದ ಕತ್ತಿಗೆ.

ಈಗ ಕಂಪನಿ ಅವನ ಮಗಳ ಕೈಗೆ ಬಂದಿದೆ. ಅವಳು ಒಂದು ಸಲ ಕೇಳಿದಳು, ಇವಳು ಬೇಡ ಎಂದಳು, ಅವಳು "ಆಯ್ತು ಅಕ್ಕ" ಎಂದು ಎದ್ದು ಹೋಗಿಯೇಬಿಟ್ಟಳು. ಹೊಸ ಕಾಫಿಪುಡಿ ತರಿಸಿಟ್ಟು ವಾರವಿಡೀ ಕಾದದ್ದಷ್ಟೇ ಬಂತು.

ತಾಲೀಮು ಮುಗಿಸಿ ಮಾಲೀಕನ ಮಗಳು ಹೊರಗೆ ಬಂದಳು.

"ಇನ್ನೊಂದ್ಸಲ ಬಂದು ಕೇಳಿದ್ರೆ ನಿನ್ನ ಗಂಟೇನು ಹೋಗ್ತಿತ್ತೇ?" ಎಂದಳು ಅಕ್ಕ.

"ನೀವೇ ಆಗಲ್ಲ ಅಂದ್ರಲ್ಲ ಅಕ್ಕ. ಸುಸ್ತಾಗಿರ್ಬೇಕು, ಪೀಡಿಸೋದು ಬೇಡ ಅಂದ್ಕೊಂಡೆ."

"ನಿಮ್ಮಪ್ಪ ಆಗಿದ್ರೆ..."

"ಅಪ್ಪಂಗೆ ಆ ಆಟ ಗೊತ್ತಿತ್ತು. ನಂಗೆ ಬೇಡ ಅಂದ್ರೆ ಬೇಡ ಅಂತ್ಲೇ ಕೇಳ್ಸುತ್ತೆ. ಯಾಕೆ, ನಿಮಗೆ ಬೇಕಿತ್ತಾ?"

ಅಕ್ಕ ತುಂಬಿದ ಸಭೆಯ ಮುಂದೆ ನೂರಾರು ಸಲ ನಾಚಿದವಳು. ಕಿವಿ ಹೀಗೆ ಸುಟ್ಟದ್ದು ಇದೇ ಮೊದಲು. ಕೈ ಎಲ್ಲಿಡಬೇಕೋ ತಿಳಿಯದೆ ಬಾಗಿಲ ಚಿಲಕ ಹಿಡಿದುಕೊಂಡಳು.

"ಬೇಕಿತ್ತು," ಎಂದಳು. "ತುಂಬಾ ಬೇಕಿತ್ತು ಕಣೇ."

ಮಗಳು ಒಳಗಿದ್ದ ಕಿರಿಯ ನಟಿಯತ್ತ ಒಮ್ಮೆ ತಿರುಗಿ ನೋಡಿದಳು. "ಕೊಟ್ಟಿದ್ದನ್ನ ಅವಳಿಂದ ಕಿತ್ಕೊಳ್ಳೋಕಾಗಲ್ಲ ಅಕ್ಕ. ಅತ್ತೆ ಪಾತ್ರ ಒಂದು ಉಳಿದಿದೆ. ಹಾಸಿಗೆ ಹಿಡಿದ ಮುದುಕಿ, ಎರಡೇ ದೃಶ್ಯ. ಮಾಡ್ತೀರಾ?"

ಅಭ್ಯಾಸಬಲ ನೋಡಿ, ಅಕ್ಕನ ಕತ್ತು ಆಗಲೇ ಅರ್ಧ ತಿರುಗಿತ್ತು. ಒಳಗಿಂದ ಕಿರಿಯ ನಟಿ ತಲೆಯ ಪೌಡರ್ ಕೊಡವುತ್ತಾ ಇಣುಕಿದಳು.

"ಮುದುಕಿ ಎಲ್ಲಿ ಮಲಗ್ಬೇಕು?" ಎನ್ನುತ್ತಾ ಅಕ್ಕ ಚಪ್ಪಲಿ ಕಳಚಿದಳು.